ಹವಾಮಾನದ ಮೂಲೆಯಲ್ಲಿ ಹಕ್ಕಿಗೂ ಒಂದು ಸಾಲು ಕೊಡಿ

ಮಾನ್ಯರೇ,

ನಿಮ್ಮ ಪತ್ರಿಕೆಯಲ್ಲಿ ದಿನವೂ ಜಲಾಶಯಗಳ ನೀರಿನ ಮಟ್ಟ, ಊರೂರಿನ ಗರಿಷ್ಠ ಕನಿಷ್ಠ ಉಷ್ಣಾಂಶ, ಸೂರ್ಯೋದಯ ಸೂರ್ಯಾಸ್ತದ ಹೊತ್ತು ಅಚ್ಚಾಗುತ್ತವೆ. ಕಾಫಿ ತೋಟದ ಮನೆಯವಳಾದ ನಾನು ಮೊದಲ ಪುಟಕ್ಕಿಂತ ಮುಂಚೆ ಓದುವುದು ಆ ಮೂಲೆಯನ್ನೇ. ಅಲ್ಲಿ ಇನ್ನೊಂದು ಸಾಲಿಗೆ ಜಾಗ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಯಾವ ಊರಿಗೆ ಯಾವ ವಲಸೆ ಹಕ್ಕಿ ಯಾವ ದಿನ ಬಂತು ಎನ್ನುವ ಸಾಲು.

ಕಳೆದ ವರ್ಷ ಮಗಳ ಬಾಣಂತನಕ್ಕೆಂದು ಅಮೆರಿಕದ ಒಹಾಯೊ ರಾಜ್ಯಕ್ಕೆ ಹೋಗಿದ್ದೆ. ಈರಿ ಸರೋವರದ ದಕ್ಷಿಣ ದಂಡೆಯಿಂದ ಅರ್ಧ ಗಂಟೆ ದಾರಿಯ ಊರು. ಮಾರ್ಚ್ ಮೊದಲ ವಾರ ನಾನು ಇಳಿದಾಗ ಮರಗಳಲ್ಲಿ ಒಂದು ಎಲೆಯೂ ಇರಲಿಲ್ಲ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಡುಗೆಮನೆಯ ಕಿಟಕಿಯಿಂದ ಹಿತ್ತಲನ್ನು ನೋಡುತ್ತಾ ಕುಳಿತರೆ ಹಗಲು ಕಳೆಯುತ್ತಿತ್ತು. ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಶಾಲಾ ಮೇಷ್ಟರು ಇದ್ದರು. ಬೇಲಿಯಾಚೆ ಅವರೂ ದಿನಕ್ಕೆ ಹತ್ತು ಸಲ ಹಿತ್ತಲಿಗೆ ಬಂದು ತಲೆಯೆತ್ತಿ ನೋಡುತ್ತಿದ್ದರು. ಅವರ ಅಡುಗೆಮನೆಯ ಗೋಡೆಯ ಮೇಲೊಂದು ಕ್ಯಾಲೆಂಡರ್. ಪ್ರತಿ ದಿನದ ಚೌಕದಲ್ಲಿ ಗಾಳಿ ಯಾವ ಕಡೆಯಿಂದ ಬೀಸಿತು ಎಂಬುದಕ್ಕೆ ಒಂದು ಬಾಣದ ಗುರುತು, ಬೆಳಗಿನ ಉಷ್ಣಾಂಶ, ಹೊಸದಾಗಿ ಕಂಡ ಹಕ್ಕಿಯ ಹೆಸರು. ಹಳೆಯ ಕ್ಯಾಲೆಂಡರ್‌ಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದರು. ಅದನ್ನು ನೋಡಿದ ಕೂಡಲೇ ನನಗೆ ನಮ್ಮ ಮನೆಯ ಮಳೆ ಪುಸ್ತಕ ನೆನಪಾಯಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಏಪ್ರಿಲ್ ಕೊನೆಯ ವಾರ ಬಿಡದೆ ವಾಯವ್ಯದ ಚಳಿಗಾಳಿ ಬೀಸುತ್ತಿತ್ತು. ಹಿತ್ತಲಲ್ಲಿ ಹೊಸ ಹಕ್ಕಿ ಒಂದೂ ಇಲ್ಲ. ಮಂಗಳವಾರ ಆ ಹಿರಿಯರು ಮಗಳನ್ನು ಕರೆದು, "ನಾಳೆ ರಾತ್ರಿ ಬರುತ್ತವೆ. ಗುರುವಾರ ಬೆಳಿಗ್ಗೆ ಕಿತ್ತಳೆ ಹೋಳು ಮಾಡಿ ಇಡಲು ನಿಮ್ಮ ತಾಯಿಗೆ ಹೇಳಿ, ಸಕ್ಕರೆ ನೀರನ್ನೂ ತೂಗುಹಾಕಿ" ಎಂದರು. ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು, ಬಣ್ಣ ಹಾಕಕೂಡದು ಎಂದೂ ಹೇಳಿದರು. ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಮಗಳ ಮೂಲಕ ಕೇಳಿಸಿದೆ. ಅವರು ಹವಾಮಾನದ ನಕ್ಷೆ ತೋರಿಸಿದರು. ಪಶ್ಚಿಮದ ಬಯಲು ಸೀಮೆಯಲ್ಲಿ ಒಂದು ವಾಯುಭಾರ ಕುಸಿತ. ಭೂಮಿಯ ಉತ್ತರಾರ್ಧದಲ್ಲಿ ಕುಸಿತದ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಆದ್ದರಿಂದ ಅದರ ಪೂರ್ವ ಮಗ್ಗುಲಲ್ಲಿ ಗಾಳಿ ದಕ್ಷಿಣದಿಂದ ಬೀಸುತ್ತದೆ, ಬೆಚ್ಚಗೂ ಇರುತ್ತದೆ. ಅದು ಬುಧವಾರ ಸಂಜೆಗೆ ಒಹಾಯೊ ಮೇಲೆ ಬರಲಿತ್ತು. ದಕ್ಷಿಣದ ರಾಜ್ಯಗಳಲ್ಲಿ ನಾಲ್ಕು ದಿನದಿಂದ ತಡೆದು ಕುಳಿತ ಹಕ್ಕಿಗಳಿಗೆ ಅದು ಬೆನ್ನ ಹಿಂದಿನ ಗಾಳಿ.

ಬುಧವಾರ ಸಂಜೆ ಗಾಳಿ ತಿರುಗಿತು. ಮಾರ್ಚ್‌ನಿಂದ ಮೊದಲ ಸಲ ಸ್ವೆಟರ್ ಇಲ್ಲದೆ ಹೊರಗೆ ನಿಂತೆ. ಗುರುವಾರ ಬೆಳಿಗ್ಗೆ ಏಳಕ್ಕೆ ಕಿತ್ತಳೆ ಹೋಳಿನ ಮೇಲೆ ಕಪ್ಪು ತಲೆಯ, ಬೆಂಕಿಯ ಬಣ್ಣದ ಬಾಲ್ಟಿಮೋರ್ ಓರಿಯೋಲ್ ಕುಳಿತಿತ್ತು. (ಹೆಸರು ಓರಿಯೋಲ್ ಆದರೂ ನಮ್ಮ ಹೊನ್ನಕ್ಕಿಗೆ ಅದು ನೆಂಟನಲ್ಲ, ಬೇರೆಯೇ ಕುಲ.) ಹತ್ತು ಗಂಟೆಯೊಳಗೆ ಸಕ್ಕರೆ ನೀರಿಗೆ ಮಾಣಿಕ್ಯದ ಕೊರಳಿನ ಹಮ್ಮಿಂಗ್‌ಬರ್ಡ್ ಬಂತು. ನಮ್ಮ ಒಂದು ರೂಪಾಯಿ ನಾಣ್ಯದಷ್ಟು ತೂಕದ, ಮೂರು ಗ್ರಾಂ ಆಸುಪಾಸಿನ ಜೀವ. ಮಧ್ಯ ಅಮೆರಿಕದಿಂದ ಹೊರಟು, ಬಹಳಷ್ಟು ಹಮ್ಮಿಂಗ್‌ಬರ್ಡ್‌ಗಳು ಮೆಕ್ಸಿಕೊ ಕೊಲ್ಲಿಯ 800 ಕಿಲೋಮೀಟರ್ ನೀರನ್ನು ಎಲ್ಲಿಯೂ ಇಳಿಯದೆ ದಾಟುತ್ತವೆ. ಕಿಟಕಿಯ ಗಾಜಿನಿಂದ ಎರಡು ಅಡಿ ದೂರದಲ್ಲಿ ಅದು ಗಾಳಿಯಲ್ಲಿ ನಿಂತು ಕುಡಿಯುತ್ತಿದ್ದಾಗ ನನಗೆ ಕಣ್ಣು ತುಂಬಿಬಂತು. ಬರುವ ದಿನವನ್ನು ಎರಡು ದಿನ ಮುಂಚೆ ತಿಳಿದು ಕಾದವರಿಗೆ ಹಕ್ಕಿ ಬಂದ ನೆಂಟನಂತೆ ಕಾಣುತ್ತದೆ.

ಲೆಕ್ಕ ತಪ್ಪಿದ್ದನ್ನೂ ಹೇಳಬೇಕು. ಮೇ ಎರಡನೇ ವಾರ ಮತ್ತೆ ದಕ್ಷಿಣದ ಗಾಳಿ ಇತ್ತು, ಅವರು ಮತ್ತೆ ಹೇಳಿದರು, ಹಕ್ಕಿ ಬರಲಿಲ್ಲ. ನಡುರಾತ್ರಿ ನಮಗಿಂತ ದಕ್ಷಿಣದಲ್ಲಿ ಮಳೆಯ ಪಟ್ಟಿಯೊಂದು ಅಡ್ಡ ಬಂದಿತ್ತು. ಮಳೆಗೆ ಸಿಕ್ಕಿದ ಹಕ್ಕಿಗಳು ಇದ್ದಲ್ಲೇ ಇಳಿದುಬಿಡುತ್ತವೆ. ಮುಂದೆ ಎರಡು ರಾತ್ರಿ ಬಿಟ್ಟು ನಮ್ಮಲ್ಲಿಗೆ ತಲುಪಿದವು. ಕ್ಯಾಲೆಂಡರ್‌ನಲ್ಲಿ ಅವರು ಅದನ್ನೂ ಬರೆದರು.

ಅವರ ಜೊತೆ ಮೂರು ತಿಂಗಳು ಒಡನಾಡಿ ನಾನು ತಿಳಿದುಕೊಂಡದ್ದು ಇಷ್ಟು. ದೂರದ ಉಷ್ಣವಲಯದಲ್ಲಿರುವ ಹಕ್ಕಿಗೆ ಒಹಾಯೊದಲ್ಲಿ ಚಳಿಯೋ ಬಿಸಿಲೋ ಗೊತ್ತಾಗುವ ದಾರಿಯಿಲ್ಲ. ಅದಕ್ಕೆ ಹೊರಡುವ ತವಕ ಹುಟ್ಟುವುದು ಹಗಲಿನ ಉದ್ದದ ಲೆಕ್ಕದಿಂದ. ಹೊರಟ ಮೇಲೆ ಯಾವ ರಾತ್ರಿ ಹಾರಬೇಕು, ಯಾವ ರಾತ್ರಿ ಕೂರಬೇಕು ಎಂಬುದನ್ನು ಗಾಳಿ, ಮಳೆ, ಉಷ್ಣಾಂಶ ತೀರ್ಮಾನಿಸುತ್ತವೆ. ಹೀಗಾಗಿ ದೂರದಿಂದ ಬರುವ ಓರಿಯೋಲ್, ಹಮ್ಮಿಂಗ್‌ಬರ್ಡ್‌ಗಳನ್ನು ಹವಾಮಾನವು ಕೆಲವು ದಿನ ಮಾತ್ರ ಹಿಂದೆಮುಂದೆ ಮಾಡುತ್ತದೆ. ಅಮೆರಿಕದಲ್ಲೇ ಚಳಿಗಾಲ ಕಳೆದು ಮಾರ್ಚ್‌ನಲ್ಲಿ ಮೇಲಕ್ಕೆ ಸರಿಯುವ ರಾಬಿನ್‌ನಂಥ ಹಕ್ಕಿಯ ಕಥೆ ಬೇರೆ. ಸರಾಸರಿ ಉಷ್ಣಾಂಶ 3 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿ, ಹೆಪ್ಪುಗಟ್ಟಿದ ನೆಲ ಸಡಿಲವಾಗಿ ಎರೆಹುಳು ಮೇಲೆ ಬಂದಂತೆ ಅದು ಹಿಂದೆಯೇ ಬರುತ್ತದೆ. ಚಳಿ ಹಿಡಿದು ಕುಳಿತ ವರ್ಷ ಅದು ವಾರಗಟ್ಟಲೆ ತಡವಾಗಬಹುದು.

ಅಲ್ಲಿ ಈ ಮುನ್ಸೂಚನೆ ಈಗ ಬರಿಯ ಹಿತ್ತಲಿನ ಅನುಭವವಾಗಿ ಉಳಿದಿಲ್ಲ. ಮಳೆ ನೋಡಲೆಂದು ಕಟ್ಟಿದ ಹವಾಮಾನ ರಾಡಾರ್‌ಗಳಿಗೆ ರಾತ್ರಿ ಹಾರುವ ಹಕ್ಕಿಗಳ ಹಿಂಡೂ ಕಾಣುತ್ತದೆ. ಸೂರ್ಯ ಮುಳುಗಿ ಅರ್ಧ ಮುಕ್ಕಾಲು ಗಂಟೆಗೆ ಪ್ರತಿ ರಾಡಾರ್ ಸುತ್ತಲೂ ನಕ್ಷೆಯಲ್ಲಿ ಬಳೆಯಂತೆ ಒಂದು ವೃತ್ತ ಅರಳುವುದನ್ನು ನಾನೇ ಕಂಪ್ಯೂಟರ್ ಪರದೆಯ ಮೇಲೆ ನೋಡಿದೆ. ಅದು ಮಳೆಯಲ್ಲ, ನೆಲ ಬಿಟ್ಟೆದ್ದ ಹಕ್ಕಿಗಳು. 143 ರಾಡಾರ್ ಕೇಂದ್ರಗಳ 23 ವಸಂತಗಳ ದಾಖಲೆಯನ್ನು ಹವಾಮಾನದ ಜೊತೆ ತಾಳೆ ನೋಡಿ, ಬೆಂಜಮಿನ್ ವ್ಯಾನ್ ಡೋರೆನ್ ಮತ್ತು ಕೈಲ್ ಹಾರ್ಟನ್ ಎಂಬ ವಿಜ್ಞಾನಿಗಳು 2018ರಲ್ಲಿ ಇಡೀ ದೇಶಕ್ಕೆ ಮುನ್ಸೂಚನೆ ಕೊಡುವ ಪದ್ಧತಿಯೊಂದನ್ನು ಪ್ರಕಟಿಸಿದರು. ಅವರ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ ಪಡೆದದ್ದು ಗಾಳಿಯ ಉಷ್ಣಾಂಶ. ಈಗ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಅದರ ಜೊತೆಗಾರ ವಿಶ್ವವಿದ್ಯಾಲಯಗಳು 'ಬರ್ಡ್‌ಕಾಸ್ಟ್' ಹೆಸರಿನಲ್ಲಿ ಮುಂದಿನ ಮೂರು ರಾತ್ರಿಗಳ ಹಕ್ಕಿ ಮುನ್ಸೂಚನೆಯನ್ನು ಮಳೆ ಮುನ್ಸೂಚನೆಯಂತೆಯೇ ಕೊಡುತ್ತವೆ. ಹಿಂಡು ದೊಡ್ಡದಿರುವ ರಾತ್ರಿ ಕಟ್ಟಡಗಳ ದೀಪ ಆರಿಸಿ ಎಂದು ಊರುಗಳಿಗೆ ಹೇಳಲು ಅದು ನೆರವಾಗುತ್ತದೆ. ಬೆಳಕಿಗೆ ದಿಕ್ಕು ತಪ್ಪಿ ಗಾಜಿಗೆ ಬಡಿದು ಸಾಯುವ ಹಕ್ಕಿಗಳು ಅಷ್ಟರ ಮಟ್ಟಿಗೆ ಉಳಿಯುತ್ತವೆ.

ಆದರೆ ರಾಡಾರ್‌ಗೆ ಎಷ್ಟು ಹಕ್ಕಿ ಎಂದು ಗೊತ್ತು, ಯಾವ ಹಕ್ಕಿ ಎಂದು ಗೊತ್ತಿಲ್ಲ. ಅದನ್ನು ಹೇಳಬೇಕಾದವರು ಹಿತ್ತಲಲ್ಲಿ ನಿಂತವರೇ. ಆ ಕೆಲಸ ಅಲ್ಲಿ ಶುರುವಾದದ್ದು 1881ರಲ್ಲಿ. ವೆಲ್ಸ್ ಕುಕ್ ಎಂಬುವವರು ಮಿಸಿಸಿಪ್ಪಿ ಕಣಿವೆಯ ಜನರಿಗೆ, ನಿಮ್ಮೂರಿಗೆ ಹಕ್ಕಿ ಮೊದಲು ಬಂದ ದಿನಾಂಕ ಬರೆದು ಕಳುಹಿಸಿ ಎಂದು ಕೇಳಿಕೊಂಡರು. ಅಂಗೈಯಗಲದ ಕಾರ್ಡುಗಳು 1970ರವರೆಗೂ ಬಂದವು, ಒಟ್ಟು 60 ಲಕ್ಷದಷ್ಟು. ಪೆಟ್ಟಿಗೆಗಳಲ್ಲಿ ಮಲಗಿದ್ದ ಆ ಕೈಬರಹವನ್ನು 2009ರಿಂದ ಸ್ವಯಂಸೇವಕರು ಕಂಪ್ಯೂಟರ್‌ಗೆ ಏರಿಸತೊಡಗಿದರು. ವಸಂತ ಎಷ್ಟು ಮುಂಚೆ ಬರುತ್ತಿದೆ, ಹಕ್ಕಿ ಅದಕ್ಕೆ ಹೊಂದಿಕೊಳ್ಳುತ್ತಿದೆಯೇ ಎಂದು ಇಂದು ಕೇಳಲು ಸಾಧ್ಯವಾಗಿರುವುದು ಇಂಥ ಹಳೆಯ ದಿನಾಂಕಗಳು ಉಳಿದಿರುವುದರಿಂದ.

ಇಲ್ಲಿಗೆ ನಮ್ಮ ಮಳೆ ಪುಸ್ತಕದ ವಿಷಯ. ಮಲೆನಾಡಿನ ಹಳೆಯ ತೋಟದ ಮನೆಗಳಲ್ಲಿ ಮಳೆ ಅಳೆದು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಬರೆದಿಡುವ ರೂಢಿ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಯಾವ ದಿನ ಎಷ್ಟು ಬಿತ್ತು ಎಂಬುದರ ಮೇಲೆ ವರ್ಷದ ಫಸಲು ನಿಂತಿರುವಾಗ ಬರೆಯದೆ ಇರಲಾಗುವುದಿಲ್ಲ. ನಮ್ಮ ಮಾವನವರು 1961ರಲ್ಲಿ ಶುರುಮಾಡಿದ ಪುಸ್ತಕ ನಮ್ಮಲ್ಲಿದೆ. ಒಹಾಯೊದಿಂದ ಬಂದ ವಾರವೇ ಅದರ ಹಳೆಯ ಸಂಪುಟಗಳನ್ನು ಅಟ್ಟದಿಂದ ಇಳಿಸಿ ಓದಿದೆ. ಮಳೆಯ ಅಂಕಿಯ ಪಕ್ಕದಲ್ಲಿ, ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಅಲ್ಲಲ್ಲಿ ಹೀಗಿದೆ: "ಕಣದಲ್ಲಿ ಬಾಲ ಕುಣಿಸುವ ಹಕ್ಕಿ ಬಂತು." ಒಂದು ವರ್ಷ ಆಗಸ್ಟ್ ಕೊನೆ, ಇನ್ನೊಂದು ವರ್ಷ ಸೆಪ್ಟೆಂಬರ್ ನಡುವೆ. ಅದು ಬೂದು ಸಿಪಿಲೆ, ಹಿಮಾಲಯದ ಕಡೆಯಿಂದ ನಮ್ಮ ಕಾಫಿ ಕಣಕ್ಕೆ ಚಳಿಗಾಲ ಕಳೆಯಲು ಬರುವ ಹಳದಿ ಹೊಟ್ಟೆಯ ಹಕ್ಕಿ. ಮಾವನವರು ತೀರಿಕೊಂಡ ಮೇಲೆ, 1994ರಿಂದ, ಪುಸ್ತಕ ಬರೆದವಳು ನಾನು. ಮನೆಯಲ್ಲಿದ್ದಾಗ ಮಳೆಯನ್ನು ಒಂದು ದಿನವೂ ಬಿಡದೆ ಬರೆದಿದ್ದೇನೆ. ಒಹಾಯೊಗೆ ಹೋಗಿಬರುವವರೆಗೆ ಹಕ್ಕಿಯನ್ನು ಒಮ್ಮೆಯೂ ಬರೆದಿರಲಿಲ್ಲ. ಪ್ರತಿ ವರ್ಷ ಅದು ಬಂದಿದೆ, ನಾನು ನೋಡಿದ್ದೇನೆ, ದಿನಾಂಕ ಹೋಯಿತು. ಆ ವರ್ಷಗಳನ್ನು ಈಗ ಯಾರೂ ತುಂಬಿಕೊಡಲಾರರು.

ನಮ್ಮಲ್ಲಿ ಯಾರೂ ಪ್ರಯತ್ನಿಸಿಲ್ಲ ಎಂದಲ್ಲ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ 2007ರಲ್ಲಿ 'ಮೈಗ್ರೆಂಟ್‌ವಾಚ್' ಎಂಬ ಹೆಸರಿನಲ್ಲಿ ವಲಸೆ ಹಕ್ಕಿ ಬಂದ, ಹೋದ ದಿನಾಂಕಗಳನ್ನು ಸಾರ್ವಜನಿಕರಿಂದ ಸಂಗ್ರಹಿಸಿತು. ಮುಂಗಾರಿನ ಜೊತೆ ಬರುವ ಚಾತಕದ ಮೇಲೂ ಅದು ಕಣ್ಣಿಟ್ಟಿತ್ತು. ಈಗ ಮೊಬೈಲ್‌ನಲ್ಲಿ ದಾಖಲಿಸುವ ಪಕ್ಷಿವೀಕ್ಷಕರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಕನ್ನಡದಲ್ಲಿ ಮಾತ್ರ ಓದುವ, ಹಕ್ಕಿಗೆ ಊರಿನ ಹೆಸರು ಮಾತ್ರ ಗೊತ್ತಿರುವ, ಮಳೆ ಪುಸ್ತಕವನ್ನು ಅಟ್ಟದಲ್ಲಿಟ್ಟಿರುವ ನನ್ನಂಥವರನ್ನು ತಲುಪುವುದು ನಿಮ್ಮ ಪತ್ರಿಕೆ. ಗೋವಾ, ಕೊಚ್ಚಿ, ಚೆನ್ನೈಗಳಲ್ಲಿ ನಮಗೂ ಡಾಪ್ಲರ್ ಹವಾಮಾನ ರಾಡಾರ್‌ಗಳಿವೆ. ಮುಂದೊಂದು ದಿನ ಅವುಗಳಲ್ಲಿ ಹಕ್ಕಿಗಳನ್ನು ಹುಡುಕಲು ಹೊರಟವರಿಗೆ ನೆಲದ ಮೇಲಿನ ದಿನಾಂಕಗಳು ಬೇಕಾಗುತ್ತವೆ.

ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ವಾರಕ್ಕೊಮ್ಮೆ ಸಾಕು. ಎರಡು ಮೂರು ಹಕ್ಕಿಗಳಿಂದ ಆರಂಭಿಸಬಹುದು. ಬೂದು ಸಿಪಿಲೆಯನ್ನು ಹಳದಿ ಹೊಟ್ಟೆ ಮತ್ತು ಸದಾ ಕುಣಿಯುವ ಉದ್ದ ಬಾಲ ನೋಡಿ ಗುರುತಿಸಬಹುದು. ಅಕ್ಟೋಬರ್‌ನಲ್ಲಿ ದಣಿದು ಮನೆಯಂಗಳಕ್ಕೆ ಬೀಳುವ ನವರಂಗವನ್ನೂ ಸೇರಿಸಿ. ಊರು, ದಿನಾಂಕ, ಹಿಂದಿನ ರಾತ್ರಿ ಮಳೆ ಇತ್ತೋ ಇಲ್ಲವೋ, ಗಾಳಿಯ ದಿಕ್ಕು. ಇಷ್ಟನ್ನು ಅಂಚೆ ಕಾರ್ಡಿನಲ್ಲಿ ಬರೆದವರದ್ದನ್ನೂ ಅಚ್ಚು ಹಾಕಿ. ಹಳೆಯ ಮಳೆ ಪುಸ್ತಕ ಇರುವ ಮನೆಗಳವರು ಅಂಚಿನಲ್ಲಿ ಬರೆದದ್ದನ್ನು ಒಮ್ಮೆ ತಿರುವಿ ನೋಡಬೇಕೆಂದು ನಿಮ್ಮ ಮೂಲಕ ಕೇಳಿಕೊಳ್ಳುತ್ತೇನೆ. ಮಾವನವರ ಪುಸ್ತಕದಲ್ಲಿ ಹಕ್ಕಿಯ ಮಾತಿರುವ ಪುಟಗಳ ನಕಲನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ, ಈ ವರ್ಷದ ನನ್ನ ಪುಟವನ್ನೂ. ಅದರಲ್ಲಿ ಸೆಪ್ಟೆಂಬರ್ 9ರ ಸಾಲು ಹೀಗಿದೆ: ಮಳೆ 22 ಸೆಂಟ್, ಗಾಳಿ ಪಶ್ಚಿಮದಿಂದ, ಬೆಳಿಗ್ಗೆ ಆರೂವರೆಗೆ ಕಣದಲ್ಲಿ ಒಂದು.

ಕಾಫಿ ಬೆಳೆಗಾರ್ತಿ, ಮೂಡಿಗೆರೆ ತಾಲ್ಲೂಕು