ಮಂಜುಗೆ, ಬೆಟಗೇರಿಯಿಂದ

ಪ್ರೀತಿಯ ಮಂಜು,

ಹಾವೇರಿ ಮದುವೆಯಲ್ಲಿ ಪಂಕ್ತಿಗೆ ಕೂತಾಗ ಮೊಬೈಲ್ ತೆಗೆದು ಜೇಮ್ಸ್ ವೆಬ್ ಟೆಲಿಸ್ಕೋಪಿನ ಫೋಟೊ ತೋರಿಸಿ, "ಲೇ, ಇದೇನಾ ನೀ ಮಾಡೂದು?" ಅಂದೆಯಲ್ಲ. ಅಷ್ಟರಲ್ಲಿ ಗೋಧಿ ಹುಗ್ಗಿ ಬಂತು. ನಾನೂ "ಹೂಂ, ಅಂಥಾದ್ದ ಏನೋ" ಅಂದು ತಪ್ಪಿಸಿಕೊಂಡೆ. ಈಗ ಊರಿಗೆ ಬಂದು ನಾಲ್ಕು ದಿನ ಆಯ್ತು, ಕೈಯಲ್ಲಿ ಕೆಲಸ ಇಲ್ಲ. ಸರಿಯಾಗಿ ಹೇಳುತ್ತೇನೆ.

ಅದು ನನ್ನದಲ್ಲ ಮಾರಾಯ. ವೆಬ್ ಹಿಡಿಯುವುದು ಗ್ಯಾಲಕ್ಸಿಗಳ ಬೆಳಕನ್ನು. ವಿಶ್ವಕ್ಕೆ ಈಗ ಸುಮಾರು 1380 ಕೋಟಿ ವರ್ಷ. ಅದಕ್ಕೆ 30 ಕೋಟಿ ವರ್ಷವೂ ತುಂಬದಿದ್ದಾಗಿನ ಗ್ಯಾಲಕ್ಸಿಗಳನ್ನು ವೆಬ್ ಕಂಡಿದೆ. ದೊಡ್ಡ ಕೆಲಸವೇ ಅದು. ನಾನು ಹುಡುಕುವುದು ಅದಕ್ಕೂ ಹಿಂದಿನದನ್ನು, ಮೊದಲ ನಕ್ಷತ್ರಗಳು ಆಗಷ್ಟೇ ಹೊತ್ತಿಕೊಳ್ಳುತ್ತಿದ್ದ, ಎಲ್ಲೆಲ್ಲೂ ಜಲಜನಕವೇ ಹರಡಿಕೊಂಡಿದ್ದ ಕಾಲದ್ದನ್ನು. ಆ ಜಲಜನಕ ಕಣ್ಣಿಗೆ ಕಾಣುವುದಿಲ್ಲ, ರೇಡಿಯೊ ಹಚ್ಚಬೇಕು. ಅಂದರೆ ರೇಡಿಯೊ, ಟಿವಿ ರಿಪೇರಿ ಮಾಡುವ ನಿನ್ನ ಕಸುಬೇ.

ಜಲಜನಕದ ಪರಮಾಣುವಿಗೆ ತನ್ನದೇ ಒಂದು ಸ್ಟೇಷನ್ ಇದೆ ಅಂದುಕೋ. 1420 ಮೆಗಾಹರ್ಟ್ಜ್, ಅಲೆಯ ಉದ್ದ 21 ಸೆಂಟಿಮೀಟರ್. ಆದರೆ ವಿಶ್ವ ಹಿಗ್ಗುತ್ತಿದೆ, ದಾರಿಯಲ್ಲಿರುವ ಅಲೆಯೂ ಅದರ ಜೊತೆ ಹಿಗ್ಗುತ್ತದೆ. ವಿಶ್ವ 18 ಕೋಟಿ ವರ್ಷದ ಕೂಸಾಗಿದ್ದಾಗ ಹೊರಟ ಅಲೆ ನಮಗೆ ಮುಟ್ಟುವ ಹೊತ್ತಿಗೆ ಸುಮಾರು 18 ಪಟ್ಟು ಉದ್ದ, ಹತ್ತಿರ ಹತ್ತಿರ ನಾಲ್ಕು ಮೀಟರ್. ಸ್ಟೇಷನ್ ಜರುಗಿ 78 ಮೆಗಾಹರ್ಟ್ಜ್‌ಗೆ ಬಂದು ಕೂತಿರುತ್ತದೆ. ಎಫ್‌ಎಂ ಶುರುವಾಗುವುದು 88ಕ್ಕೆ. ಪಕ್ಕದ ಓಣಿ! ನೀನು ಮಾಳಿಗೆ ಹತ್ತಿ ತಿರುಗಿಸುತ್ತಿದ್ದ ಅಲ್ಯೂಮಿನಿಯಂ ಆಂಟೆನಾಗಳಲ್ಲೂ ಕೆಲವು ಹೆಚ್ಚುಕಡಿಮೆ ಇದೇ ಅಲೆಗಳಿಗಾಗಿ ಮಾಡಿದ್ದವು.

ಹಿಡಿದರಾಯ್ತು, ಏನು ಕಷ್ಟ ಅಂತೀಯಾ? ಆ ಸ್ಟೇಷನ್‌ನಿಂದ ಹಾಡೇನೂ ಬರುವುದಿಲ್ಲ. ವಿಶ್ವ ಹುಟ್ಟಿದ ಮಹಾಸ್ಫೋಟದ ಉಳಿದ ಕಾವು ಹಿಂದಿನಿಂದ ಬರುತ್ತಿರುತ್ತದೆ. ಹಳೆ ಟಿವಿಯಲ್ಲಿ ಚಾನೆಲ್ ಇಲ್ಲದಾಗ ಇರುವೆ ಓಡಾಡುತ್ತಿದ್ದವಲ್ಲ, ಅದರಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಆ ಕಾವಿನದ್ದೇ ಅನ್ನುತ್ತಾರೆ. ಮೊದಲ ನಕ್ಷತ್ರಗಳ ಬೆಳಕು ಬಿದ್ದ ತಣ್ಣನೆಯ ಜಲಜನಕ ಆ ಕಾವಿನಲ್ಲಿ ಚೂರು ನುಂಗಿಕೊಂಡಿತು. ನಾವು ಹುಡುಕುವುದು ಆ ನುಂಗಿದ ಜಾಗ, ಗ್ರಾಫಿನಲ್ಲಿ ಒಂದು ತಗ್ಗು. ನಾವು ಇದನ್ನೆಲ್ಲ ಉಷ್ಣತೆಯ ಹಾಗೆ ಡಿಗ್ರಿ ಲೆಕ್ಕದಲ್ಲಿ ಅಳೆಯುತ್ತೇವೆ. ತಗ್ಗು ಅರ್ಧ ಡಿಗ್ರಿ ಇದ್ದರೆ ಜಾಸ್ತಿ. ಅದರ ಮೇಲೆ ನಮ್ಮದೇ ಆಕಾಶಗಂಗೆಯ ಗದ್ದಲ ಸಾವಿರ ಡಿಗ್ರಿಗೂ ಹೆಚ್ಚು.

ನಮ್ಮ ಮನೆಯ ಮಗ್ಗ ನೆನಪಿದೆಯಾ? ಲಾಳಿ ಆಚೆ ಈಚೆ ಬಡಿಯುವಾಗ ನೀನು ಕಿವಿ ಮುಚ್ಚಿಕೊಂಡು ಮಾತಾಡುತ್ತಿದ್ದೆ. ಅಪ್ಪ ಅಂಗಳದಲ್ಲಿ ಚಹಾ ಕುಡಿಯುತ್ತ ಕೂತಿದ್ದರೂ, ಒಳಗೆ ಒಂದು ಎಳೆ ಹರಿದರೆ ಕಪ್ಪು ಕೆಳಗಿಟ್ಟು ಎದ್ದುಬಿಡುತ್ತಿದ್ದ. ಹೇಗೆ ಗೊತ್ತಾಯ್ತು ಅಂದರೆ "ಸಪ್ಪಳದಾಗ ಏನೋ ಕಮ್ಮಿ ಆತು" ಅನ್ನುತ್ತಿದ್ದ. ನಲವತ್ತು ವರ್ಷ ಆ ಸದ್ದಿನ ಜೊತೆಗೇ ಇದ್ದವನು. ನನಗೆ ಅಷ್ಟು ವರ್ಷ ಎಲ್ಲಿಂದ ಬರಬೇಕು, ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದೇನೆ.

2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಬಯಲಿನಲ್ಲಿ ಎಡ್ಜಸ್ ಅನ್ನುವ ಪ್ರಯೋಗದವರು ಆ ತಗ್ಗು ಸಿಕ್ಕಿತು ಅಂದರು. 78 ಮೆಗಾಹರ್ಟ್ಜ್, ಅರ್ಧ ಡಿಗ್ರಿ. ಲೆಕ್ಕದ ಪ್ರಕಾರ ಇರಬೇಕಾದ್ದಕ್ಕಿಂತ ಎರಡು ಪಟ್ಟು ಆಳ. ಎಲ್ಲರೂ ಎದ್ದು ಕೂತರು. ಕೆಲವರು ಇದಕ್ಕೆ ಕಾರಣ ಹುಡುಕುತ್ತ, ಕಣ್ಣಿಗೇ ಕಾಣದ ಡಾರ್ಕ್ ಮ್ಯಾಟರ್ ಅನ್ನುವ ದ್ರವ್ಯದವರೆಗೂ ಹೋದರು.

ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಏನು ಮಾಡಿದರು ಗೊತ್ತಾ? ಆಂಟೆನಾವನ್ನು ತೆಪ್ಪದ ಮೇಲೆ ಕೂರಿಸಿ ನೀರಿಗೆ ಬಿಟ್ಟರು! ಪ್ರಯೋಗದ ಹೆಸರು ಸರಸ್. 2020ರಲ್ಲಿ ಮೊದಲು ದಂಡಿಗಾನಹಳ್ಳಿ ಕೆರೆ, ಆಮೇಲೆ ನಮ್ಮ ಶರಾವತಿ ಹಿನ್ನೀರು. ಕಾರಣ ಕೇಳಿದರೆ ನಿನಗೆ ಖುಷಿಯಾಗುತ್ತೆ. ನೆಲದ ಕೆಳಗೆ ಒಂದು ಕಡೆ ಕಲ್ಲು, ಒಂದು ಕಡೆ ಮಣ್ಣು, ಒಂದು ಕಡೆ ಹಸಿ. ಒಂದೊಂದು ಪದರವೂ ಅಲೆಯನ್ನು ಒಂದೊಂದು ಥರ ವಾಪಸ್ ಕಳಿಸುತ್ತದೆ. ಆಂಟೆನಾಕ್ಕೆ ಅದೇ ದೊಡ್ಡ ಗೊಂದಲ. ನೀರಾದರೆ ಎಲ್ಲಾ ಕಡೆ ಒಂದೇ. 2022ರಲ್ಲಿ ಉತ್ತರ ಕೊಟ್ಟರು: ಆಸ್ಟ್ರೇಲಿಯಾದವರು ಹೇಳಿದ ತಗ್ಗು ಇಲ್ಲ. ಶೇ. 95ರಷ್ಟು ಖಾತ್ರಿಯಿಂದ ಇಲ್ಲ.

"ಇಲ್ಲ ಅಂತ ಹೇಳಾಕ ಇಷ್ಟೆಲ್ಲಾ?" ಅಂತ ನೀನು ಕೇಳೇ ಕೇಳುತ್ತೀಯ. ನನಗೆ ಮಾತ್ರ ಈ ಇಪ್ಪತ್ತು ವರ್ಷದಲ್ಲಿ ಇದಕ್ಕಿಂತ ಇಷ್ಟವಾದ ಫಲಿತಾಂಶ ಇನ್ನೊಂದಿಲ್ಲ. ಯಾಕೆ ಅಂದರೆ ನಾನೂ ಒಮ್ಮೆ ಹಳ್ಳಕ್ಕೆ ಬಿದ್ದವನು.

ಹೋದ ವರ್ಷ ನಮ್ಮ ಸಣ್ಣ ಆಂಟೆನಾದ ಗ್ರಾಫಿನಲ್ಲಿ ಒಂದು ಚೆಂದದ ತಗ್ಗು ಕಾಣಿಸಿತು. ಯಾರಿಗೂ ಹೇಳದೆ ಮೂರು ತಿಂಗಳು ಅದರ ಹಿಂದೆ ಬಿದ್ದೆ. ನಿದ್ದೆ ಇಲ್ಲ, ಊಟಕ್ಕೆ ಹೊತ್ತಿಲ್ಲ. ಆಮೇಲೆ ಒಂದು ಸಂಜೆ ನೋಡಿದರೆ ಅಂಥದ್ದೇ ಇನ್ನೊಂದು ತಗ್ಗು, ಅದರಾಚೆ ಮತ್ತೊಂದು. ಸರಿಯಾಗಿ 10 ಮೆಗಾಹರ್ಟ್ಜ್‌ಗೆ ಒಂದೊಂದು. ಎದೆ ಧಸಕ್ಕೆಂದಿತು. ಆಂಟೆನಾದಿಂದ ರಿಸೀವರ್ ಪೆಟ್ಟಿಗೆಗೆ ಹೋಗುವ ಕೇಬಲ್ 10 ಮೀಟರ್. ಅದರಲ್ಲಿ ಸಿಗ್ನಲ್ ಒಮ್ಮೆ ಹಿಂದಕ್ಕೆ ಹೋಗಿ ವಾಪಸ್ ಬಂದು ತನ್ನನ್ನೇ ಡಿಕ್ಕಿ ಹೊಡೆದರೆ ಬರುವ ಅಲೆ ಕರೆಕ್ಟಾಗಿ ಅದೇ. ಹೋಗಿ ನೋಡಿದೆ, ಕನೆಕ್ಟರ್ ಸಡಿಲ. ನಾನೇ ಕೈಯಾರೆ ಬಿಗಿದಿದ್ದು.

ಆಗ ನಿನ್ನ ಅಂಗಡಿ ನೆನಪಾಯ್ತು ನೋಡು. ದುರ್ಗದಬೈಲಿನ ಯಾವುದೋ ಮನೆಯ ಟಿವಿಯಲ್ಲಿ ಒಂದೊಂದು ಮುಖಕ್ಕೂ ಪಕ್ಕದಲ್ಲಿ ಮಸುಕಾಗಿ ಇನ್ನೊಂದು ಮುಖ ಬರುತ್ತಿತ್ತು. ನೀನು ಟಿವಿ ಮುಟ್ಟಲೇ ಇಲ್ಲ. ಸೀದಾ ವೈರ್ ಹಿಡಿದುಕೊಂಡು ಹೋಗಿ, ಹಲ್ಲಿನಲ್ಲಿ ತುದಿ ಸುಲಿದು, ಹೊಸದಾಗಿ ಬಿಗಿದು, ಐದು ನಿಮಿಷಕ್ಕೆ ಕೆಳಗಿಳಿದೆ. ನನಗೆ ಮೂರು ತಿಂಗಳು ಹಿಡಿಯಿತು. ನಿನಗೆ ಒಂದು ಫೋನ್ ಮಾಡಬೇಕಿತ್ತು.

ಭಾನುವಾರ ಹುಬ್ಬಳ್ಳಿಗೆ ಬರುತ್ತೇನೆ. ಅಪ್ಪನ ರೇಡಿಯೊ ತರುತ್ತಿದ್ದೇನೆ. ಧಾರವಾಡ ಹಿಡಿಯುತ್ತೆ, ಆದರೆ ಸಂಜೆ ಏಳರ ಮೇಲೆ ಬರೀ ಗರ್ ಅನ್ನುತ್ತೆ. ಪಕ್ಕದ ಮನೆಯವರು ಹೊಸದಾಗಿ ಹಾಕಿಸಿದ ಎಲ್‌ಇಡಿ ಬಲ್ಬಿನ ಮೇಲೆ ನನಗೆ ಅನುಮಾನ. ಈ ಸಲ ನಿನ್ನನ್ನು ಕೇಳದೆ ಏನೂ ಬಿಚ್ಚುವುದಿಲ್ಲ. ಸೋಲ್ಡರಿಂಗ್ ಐರನ್ ಎಲ್ಲಿದೆ ಅಂತ ಹುಡುಕಿಡು.

ನಿನ್ನ,
ಮಗ್ಗದ ಮನೆ ಗೆಳೆಯ