ನನ್ನದೇ ಡ್ರೋನ್, ನನ್ನದಲ್ಲವಂತೆ: ಹಣಕಾಸು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಹಣಕಾಸು ಸಚಿವರಿಗೆ ನಮಸ್ಕಾರ.

ನಾನು ತೀರ್ಥಹಳ್ಳಿ ಕಡೆಯವನು. ಮದುವೆ ಮನೆಗಳಲ್ಲಿ ಫೋಟೋ, ವಿಡಿಯೋ ತೆಗೆದು ಬದುಕುವವನು. ರಾಜ್ಯಸಭೆಗೆ ನೀವು ನಮ್ಮ ಕರ್ನಾಟಕದಿಂದಲೇ ಆರಿಸಿ ಹೋದವರು, ಕಸ್ಟಮ್ಸ್ ಇಲಾಖೆಯೂ ನಿಮ್ಮ ಸಚಿವಾಲಯದ ಕೆಳಗೇ ಬರುತ್ತದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಕಸ್ಟಮ್ಸ್‌ನವರು ನನ್ನ ಡ್ರೋನ್ ಇಟ್ಟುಕೊಂಡು ಏಳು ತಿಂಗಳಾಯಿತು, ತಡೆದುಕೊಂಡೆ. ಮೊನ್ನೆ ಮೂರನೇ ಸಲ ರಾತ್ರಿ ಬಸ್ಸು ಹತ್ತಿ ಅವರ ಕಚೇರಿಗೆ ಹೋಗಿ ಬರಿಗೈಯಲ್ಲಿ ವಾಪಸ್ ಬಂದ ಮೇಲೆ ಇನ್ನು ಆಗಲ್ಲ ಅನ್ನಿಸಿತು.

ನನ್ನ ಹತ್ತಿರ ಒಂದು ಸಣ್ಣ ಡ್ರೋನ್ ಇದೆ. ಇತ್ತು ಅನ್ನಬೇಕೇನೋ. ತೂಕ 249 ಗ್ರಾಂ. 2021ರ ಮಾರ್ಚ್‌ನಲ್ಲಿ ಬೆಂಗಳೂರಿನ ಅಂಗಡಿಯೊಂದರಲ್ಲಿ ಜಿಎಸ್‌ಟಿ ಕಟ್ಟಿ ತಗೊಂಡದ್ದು, ಬಿಲ್ ಇದೆ. ವಿದೇಶದಿಂದ ಡ್ರೋನ್ ತರುವುದಕ್ಕೆ ನಿಷೇಧ ಬಂದದ್ದು 2022ರ ಫೆಬ್ರವರಿ 9ರಂದು. ಇದೆಲ್ಲ ನಿಮಗೆ ಗೊತ್ತಿರುವುದೇ. ನಿಷೇಧಕ್ಕಿಂತ ಸುಮಾರು ಒಂದು ವರ್ಷ ಮೊದಲೇ ನಮ್ಮ ಮನೆಯಲ್ಲಿದ್ದ ವಸ್ತು ಇದು.

ಅಕ್ಕ ಜರ್ಮನಿಯಲ್ಲಿದ್ದಾಳೆ. ಮೊಮ್ಮಗಳನ್ನು ನೋಡಬೇಕು ಅಂತ ಅಮ್ಮ ಎರಡು ವರ್ಷದಿಂದ ಹೇಳುತ್ತಿದ್ದಳು, ಕರೆದುಕೊಂಡು ಹೋದೆ. ಡ್ರೋನೂ ತಗೊಂಡು ಹೋದೆ. ಅಲ್ಲಿ 250 ಗ್ರಾಂ ಒಳಗಿದ್ದರೂ ಕ್ಯಾಮೆರಾ ಇದ್ದರೆ ಹಾರಿಸುವವರು ನೋಂದಣಿ ಮಾಡಿಸಬೇಕು, ಇನ್ಶೂರೆನ್ಸ್ ಇರಬೇಕು, 120 ಮೀಟರ್ ಮೇಲೆ ಹಾರಿಸಬಾರದು. ನೋಂದಣಿಯನ್ನು ಆನ್‌ಲೈನ್‌ನಲ್ಲೇ ಮುಗಿಸಿ, ಅವರು ಕೊಟ್ಟ ನಂಬರನ್ನು ಡ್ರೋನ್ ಮೇಲೆ ಅಂಟಿಸಿಕೊಂಡೆ. ಬ್ಯಾಟರಿಗಳನ್ನು ಚೆಕ್-ಇನ್ ಬ್ಯಾಗಿಗೆ ಹಾಕದೆ ಕೈಚೀಲದಲ್ಲೇ ಇಟ್ಟೆ. ಪರದೇಶದ ನಿಯಮ ಪಾಲಿಸಲು ನನಗೆ ಒಂದು ದಿನವೂ ಕಷ್ಟವಾಗಲಿಲ್ಲ.

ಕಷ್ಟ ಆಗಿದ್ದು ನಮ್ಮಲ್ಲಿ. ಬೆಲೆಬಾಳುವ ವಸ್ತು ತಗೊಂಡು ಹೋಗುವವರು ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ತೋರಿಸಿ, ಇಲ್ಲಿಂದಲೇ ಒಯ್ದದ್ದು ಅನ್ನುವ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಬೇಕು, ಆಗ ವಾಪಸ್ ತರುವಾಗ ತೊಂದರೆ ಇರಲ್ಲ ಅಂತ ಓದಿದ್ದೆ. ಮಾಡಿಸಲು ಹೋದೆ. ಅರ್ಧ ರಾತ್ರಿ ದಾಟಿತ್ತು, ಬೆಳಗಿನ ಜಾವ ವಿಮಾನ. ಕೌಂಟರಿನಲ್ಲಿ ಒಂದು ಕುರ್ಚಿ, ಕುರ್ಚಿ ಮೇಲೊಂದು ಟವೆಲ್. ಮನುಷ್ಯರಿಲ್ಲ. ಇಪ್ಪತ್ತೈದು ನಿಮಿಷ ನಿಂತೆ. ಅಮ್ಮನಿಗೆ ಮಂಡಿ ನೋವು, ನೆಲದ ಮೇಲೇ ಕೂತುಬಿಟ್ಟಳು. ವಿಮಾನದ ಸಿಬ್ಬಂದಿಯನ್ನು ಕೇಳಿದರೆ, "ನಿಮ್ಮದೇ ಅಲ್ವಾ ಸರ್, ಏನೂ ಬೇಡ, ಹೋಗಿ, ಗೇಟ್ ಕ್ಲೋಸ್ ಆಗುತ್ತೆ" ಅಂದರು. ಹೋದೆವು.

ವಾಪಸ್ ಬಂದಾಗ ನಾನು, ತೋರಿಸಲು ಏನೂ ಇಲ್ಲದವರು ಹೋಗುವ ಗ್ರೀನ್ ಚಾನೆಲ್‌ನಲ್ಲಿ ಸುಮ್ನೆ ನಡೆದುಬಿಡಬಹುದಿತ್ತು. ನಡೆಯಲಿಲ್ಲ. ಡಿಕ್ಲರೇಷನ್ ಫಾರ್ಮಿನಲ್ಲಿ ಡ್ರೋನ್ ಅಂತ ಸ್ಪಷ್ಟವಾಗಿ ಕೇಳಿರುವಾಗ ಸುಳ್ಳು ಹೇಳಬಾರದು ಅಂತ ತೋರಿಸುವುದು ಇದ್ದವರ ರೆಡ್ ಚಾನೆಲ್‌ಗೆ ಹೋಗಿ ನಾನೇ ಬ್ಯಾಗ್ ತೆರೆದು ತೋರಿಸಿದೆ. ನಾಲ್ಕು ಗಂಟೆ ಕೂರಿಸಿದರು. ಅಧಿಕಾರಿಯೊಬ್ಬರು ಬ್ಯಾಟರಿ ತೆಗೆದು, ಮೊಬೈಲ್ ಟಾರ್ಚ್ ಬಿಟ್ಟು ಒಳಗಿನ ಸೀರಿಯಲ್ ನಂಬರ್ ಓದಿದರು. ಬಿಲ್ಲಿನಲ್ಲಿ ಅಂಗಡಿಯವರು ಮಾಡೆಲ್ ಹೆಸರು ಮಾತ್ರ ಬರೆದಿದ್ದರು, ಆ ನಂಬರ್ ಇರಲಿಲ್ಲ. ಅಷ್ಟೇ ಸಾಕಾಯಿತು. ಡ್ರೋನಿನ ಎಡಗಡೆ ತೋಳಿನ ಮೇಲೆ ಒಂದು ಗೀರಿದೆ ಸಚಿವರೇ, ನಮ್ಮ ತೋಟದ ಅಡಿಕೆ ಮರಕ್ಕೆ ತಾಗಿ ಆದದ್ದು. ಅದೇ ಗೀರು ಕಾಣುವ 2021ರ ಫೋಟೋ ನನ್ನ ಫೋನಿನಲ್ಲಿತ್ತು, ತೋರಿಸಿದೆ. "ಫೋಟೋ ಎಲ್ಲ ಪ್ರೂಫ್ ಆಗಲ್ಲ, ಸರ್ಟಿಫಿಕೇಟ್ ಎಲ್ಲಿ?" ಅಂದರು. ಕೌಂಟರಿನಲ್ಲಿ ಯಾರೂ ಇರಲಿಲ್ಲ ಅಂದರೆ, "ಅದು ನಮಗೆ ಸಂಬಂಧ ಇಲ್ಲ" ಅಂದರು.

ಯಾರಿಗೆ ಸಂಬಂಧ ಹಾಗಾದರೆ? ಅದೂ ನಿಮ್ಮದೇ ಇಲಾಖೆ ಅಲ್ವಾ?

ಡ್ರೋನ್ ಇಟ್ಟುಕೊಂಡು ಒಂದು ರಸೀದಿ ಕೊಟ್ಟು ಕಳಿಸಿದರು. ಆಮೇಲೆ ಹೇಳಿದ ಮಾತು ಇವತ್ತಿಗೂ ಹೊಟ್ಟೆ ಉರಿಸುತ್ತದೆ: "ಮುಂದಿನ ಸಲ ಫಾರಿನ್‌ಗೆ ಹೋಗುವಾಗ ಬಂದು ತಗೊಂಡು ಹೋಗಿ." ಹೋಗುವವರಿಗೆ ಹಾಗೆ ವಾಪಸ್ ಕೊಡುವ ಅವಕಾಶ ಕಾನೂನಿನಲ್ಲಿದೆ, ನನಗೂ ಗೊತ್ತು. ಆದರೆ ಅದು ಹೊರಗಿನಿಂದ ತಂದ ಸಾಮಾನಿಗೆ. ನಮ್ಮೂರಿನದ್ದೇ ವಸ್ತುವನ್ನು ಬಿಡಿಸಿಕೊಳ್ಳಲು ನಾನು ಪರದೇಶಕ್ಕೆ ಟಿಕೆಟ್ ಮಾಡಿಸಬೇಕಾ? ತಗೊಂಡು ಹೋಗಿ ಅಲ್ಲೇ ಬಿಟ್ಟು ಬರಬೇಕಾ? ವಾಪಸ್ ತಂದರೆ ಮತ್ತೆ ಇದೇ ಕಥೆ.

ಅಲ್ಲಿಂದ ಈಚೆಗೆ ಮೂರು ಸಲ ಓಡಾಡಿದ್ದೇನೆ. ಒಮ್ಮೆ ಸಾಹೇಬರು ರಜೆ, ಒಮ್ಮೆ ಫೈಲ್ ಬೇರೆ ಸೆಕ್ಷನ್‌ನಲ್ಲಿ, ಮೊನ್ನೆ ಅಂತೂ ಲಿಖಿತವಾಗಿ ಕೊಡಿ ಅಂದರು. ಲಿಖಿತವಾಗಿ ಕೊಟ್ಟು ಐದು ತಿಂಗಳಾಗಿತ್ತು, ಸೀಲ್ ಹಾಕಿದ ಪ್ರತಿ ನನ್ನ ಕೈಯಲ್ಲೇ ಇತ್ತು. ಈ ಸೀಸನ್‌ನಲ್ಲಿ ಡ್ರೋನ್ ಶಾಟ್ ಬೇಕೇ ಬೇಕು ಅಂದ ಆರು ಮದುವೆ ಕೈತಪ್ಪಿದವು. ಮನೆಯವರು ಏನೂ ಅನ್ನಲಿಲ್ಲ, ಆದರೆ ಅಮ್ಮ ಇನ್ನೂ "ನನ್ನಿಂದ ಆಯ್ತು" ಅಂತ ಕೊರಗುತ್ತಾಳೆ. ಅದು ಜಾಸ್ತಿ ನೋವು.

ನಿಷೇಧ ತೆಗೆಯಿರಿ ಅಂತ ನಾನು ಕೇಳುತ್ತಿಲ್ಲ. ದೇಶದ ಭದ್ರತೆ ವಿಷಯ ಅಂದರೆ ಒಪ್ಪುತ್ತೇನೆ. ಕೇಳುತ್ತಿರುವುದು ಒಂದೇ. ಹೊರಡುವ ಕಡೆ ಆ ಸರ್ಟಿಫಿಕೇಟ್ ಕೊಡುವ ಕೌಂಟರಿನಲ್ಲಿ ಹಗಲು ರಾತ್ರಿ ಒಬ್ಬರು ಇರಲಿ. ವಿದೇಶದ ವಿಮಾನಗಳು ಜಾಸ್ತಿ ಹೊರಡುವುದೇ ರಾತ್ರಿ ಹೊತ್ತು, ಆ ಹೊತ್ತಿಗೇ ಕುರ್ಚಿ ಖಾಲಿ ಇದ್ದರೆ ಹೇಗೆ? ಕ್ಯಾಮೆರಾ, ಲೆನ್ಸ್, ಒಡವೆ ತಗೊಂಡು ಹೋಗುವವರಿಗೂ ಬೇಕಾದದ್ದು ಇದೇ ಕಾಗದ. "ಡ್ರೋನ್ ಇದ್ದರೆ ಇಲ್ಲಿ ತೋರಿಸಿ ಹೋಗಿ" ಅಂತ ಚೆಕ್-ಇನ್ ಹತ್ತಿರ ಒಂದು ಬೋರ್ಡ್ ಹಾಕಿಸಿ, ಕನ್ನಡದಲ್ಲೂ ಹಾಕಿಸಿ. ಆ ಕೌಂಟರಿನಲ್ಲಿ ಜನ ಇರಲಿ, ಅಷ್ಟೇ.

ಮತ್ತೆ ನನ್ನ ಡ್ರೋನ್ ನನಗೆ ಕೊಡಿಸಿ. ರಸೀದಿ, ಬಿಲ್, ಗೀರಿನ ಫೋಟೋ, ಮೂರೂ ನಿಮ್ಮ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದೇನೆ. ಮುಂದಿನ ಮದುವೆ ಸೀಸನ್ ಶುರುವಾಗುವ ಮೊದಲು ಉತ್ತರ ಬರಲಿ.

ಇಂತಿ,
ತೀರ್ಥಹಳ್ಳಿ ಕಡೆಯ ಒಬ್ಬ ಫೋಟೋಗ್ರಾಫರ್