ಹೊಟ್ಟೆಯ ಕಡೆಯೂ ಫೋಟೊ ತೆಗೆಯಿರಿ

ಬಲೆಗೆ ಸಿಕ್ಕ ಅಪರಿಚಿತ ಮೀನನ್ನು ಗುರುತಿಸದೆ ಮರಳಿ ನೀರಿಗೆ ಬಿಡುವ ಅಭ್ಯಾಸ ನಿಲ್ಲಬೇಕು. ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನಿನ ವಿಷಯದಲ್ಲಂತೂ ಈ ಕರುಣೆ ಕೆರೆಗೇ ಮುಳುವು. ಅಕ್ವೇರಿಯಂನ ಪಾಚಿ ತಿನ್ನಲೆಂದು ತಂದು, ದೊಡ್ಡದಾದ ಮೇಲೆ ಸಾಕಲಾರದೆ ಕೆರೆ, ಹೊಳೆಗಳಿಗೆ ಬಿಟ್ಟಿದ್ದರಿಂದಲೂ ಇದು ಹಲವು ದೇಶಗಳಲ್ಲಿ ಹಬ್ಬಿದೆ. ಮೊಟ್ಟೆಯಿಡಲು ದಂಡೆಯಲ್ಲಿ ಬಿಲ ಕೊರೆಯುವುದರಿಂದ ಮಣ್ಣು ಕುಸಿಯುತ್ತದೆ. ರೆಕ್ಕೆಯ ಗಡುಸು ಮುಳ್ಳುಗಳು ಬಲೆಯನ್ನೇ ಹರಿಯುತ್ತವೆ. ನೀರಿನಿಂದ ತೆಗೆದರೂ ಗಂಟೆಗಟ್ಟಲೆ ಬದುಕಿರುವ ಮೀನು ಇದು, ದಡಕ್ಕೆ ಎಸೆದರೆ ಸತ್ತಿತೆಂದು ತಿಳಿಯಬಾರದು.

ಗುರುತು ಹಿಡಿಯುವುದು ಕಷ್ಟವಲ್ಲ. ಮೈಮೇಲೆ ಹುರುಪೆಯ ಬದಲು ಮೂಳೆ ಫಲಕಗಳ ಸಾಲು, ತಲೆಯ ಅಡಿಯಲ್ಲಿ ಹೀರುವ ಬಾಯಿ, ಹಾಯಿಯಂತೆ ಅಗಲವಾದ ಬೆನ್ನಿನ ರೆಕ್ಕೆ, ಅದರಲ್ಲಿ ಸಾಮಾನ್ಯವಾಗಿ 9ರಿಂದ 14 ಕಡ್ಡಿಗಳು. ಆದರೆ ಸಕ್ಕರ್ ಮೀನಿನಲ್ಲೇ ಒಂದನ್ನೊಂದು ಹೋಲುವ ಎರಡು ಪ್ರಭೇದಗಳನ್ನು ಬೇರ್ಪಡಿಸುವುದು ಹೊಟ್ಟೆಯ ವಿನ್ಯಾಸ: ಒಂದರಲ್ಲಿ ಬಿಡಿ ಚುಕ್ಕೆಗಳು, ಇನ್ನೊಂದರಲ್ಲಿ ಹುಳು ಹರಿದಂತೆ ಬೆಸೆದುಕೊಂಡ ಗೆರೆಗಳು. ಎರಡರ ನಡುವಿನ ರೂಪಗಳೂ ಸಿಗುವುದರಿಂದ ಕೊನೆಯ ಮಾತು ತಜ್ಞರದೇ ಆಗಬೇಕು.

ಮೀನುಗಾರಿಕೆ ಇಲಾಖೆಗಳು ಮೀನುಗಾರರಿಂದ ಮೊಬೈಲ್‌ನಲ್ಲೇ ಫೋಟೊ ಪಡೆದು ತಕ್ಷಣ ಉತ್ತರಿಸುವ ವ್ಯವಸ್ಥೆ ಮಾಡಲಿ. ಬೆನ್ನು, ಪಕ್ಕದ ಜೊತೆಗೆ ಹೊಟ್ಟೆಯ ಫೋಟೊವನ್ನೂ, ಸಿಕ್ಕ ಜಾಗ ಮತ್ತು ದಿನಾಂಕವನ್ನೂ ಕಡ್ಡಾಯವಾಗಿ ಕೇಳಲಿ.